ರಕ್ತದಲ್ಲಿ ತೇಲುವ ಓಲೆಗಳು

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ ಹೊಸ್ತಿಲು ದಾಟಲು ಅಂಜಬೇಕಾದಂಥ ಮಳೆಯ ಕಾಲ. ಜುಲೈ ತಿಂಗಳ ನಡುವಿನಿಂದ ಆಗಸ್ಟ್ ತಿಂಗಳ ನಡುವಿನವರೆಗೆ ನಡೆಯುವ ಈ ಸೌರಮಾಸದಲ್ಲಿ ಗದ್ದೆಯ ನಾಟಿಯೊಂದನ್ನು ಬಿಟ್ಟರೆ ಬೇರೆ ಮಾತಿಲ್ಲ. ಮಾಸದ ಹದಿನೆಂಟನೆಯ ದಿನ ಬಂದಿತೆಂದರೆ ಮಾತ್ರ ಅಡುಗೆಮನೆಗಳಿಗೆ ಕಳೆ ಬರುತ್ತದೆ. ಕಾಡಂಚಿನಿಂದ ‘ಮದ್ದ್ ತೊಪ್ಪು’ ಎಂಬ ಸೊಪ್ಪನ್ನು ತಂದು ಕುದಿಸಿ, ಆ ಕಡು ನೇರಳೆ ಬಣ್ಣದ ರಸದಲ್ಲಿ ಅಕ್ಕಿಯ ಪಾಯಸ ಮಾಡಿ ಉಣ್ಣುತ್ತಾರೆ. ಆ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆಂದು ಹಿರಿಯರ ನಂಬಿಕೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಜಸ್ಟಿಸಿಯ ವೈನಾಡೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಇಟ್ಟ ಮಾತ್ರಕ್ಕೆ ಪಾಯಸದ ರುಚಿಗೇನೂ ಕುಂದುಂಟಾಗಿಲ್ಲ.

ಈ ಹಬ್ಬದ ಮಾರನೆಯ ಬೆಳಗಿನಲ್ಲಿ ಒಂದು ತಮಾಷೆ ನಡೆಯುವುದುಂಟು. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ನೆರೆಮನೆಯವರ ಒತ್ತಾಯಕ್ಕೆ ಎರಡು ಬಟ್ಟಲು ಪಾಯಸ ಉಂಡು ಮಲಗುತ್ತಾರೆ ಎನ್ನಿ. ಬೆಳಿಗ್ಗೆ ಎದ್ದು ನೋಡುವಲ್ಲಿ ಮೂತ್ರ ಕೆಂಪು! ಮೇಷ್ಟ್ರ ಎದೆ ನಿಂತೇ ಹೋಗುತ್ತದೆ. ನೆರೆಮನೆಯ ಅಜ್ಜಿಯಾದರೋ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಸೊಪ್ಪಿನ ಬಣ್ಣವದು, ಸಂಜೆಯೊಳಗೆ ಇಳಿದುಹೋಗುವಂಥದು. ಮದ್ದು ಮೈಗೆ ಹಿಡಿದಿದೆ ಎಂಬುದಕ್ಕೆ ಅದೇ ಗುರುತು ಎಂದೂ ಅವಳು ಹೇಳಿಯಾಳು.

ಆದರೆ ಬೇರೆ ಯಾವುದೇ ದಿನ, ಯಾವ ಸೊಪ್ಪನ್ನೂ ತಿನ್ನದ ಮನುಷ್ಯನಿಗೆ ಇದೇ ಕೆಂಪು ಕಂಡಿತಾದರೆ ನಗುವ ಸಂದರ್ಭವಲ್ಲ. ಮೂತ್ರಕೋಶದಲ್ಲೋ ಮೂತ್ರಪಿಂಡದಲ್ಲೋ ಬೆಳೆಯುತ್ತಿರುವ ಗಂತಿಯೊಂದು ನೋವನ್ನೂ ಕೊಡದೆ, ಜ್ವರವನ್ನೂ ತಾರದೆ, ಹೀಗೆ ರಕ್ತದ ರೂಪದಲ್ಲಿ ಮೊದಲ ಸುದ್ದಿ ಕಳುಹಿಸುವುದುಂಟು. ಬಣ್ಣ ಒಂದೇ, ಅರ್ಥ ಎರಡು. ಇದೇ ತೊಡಕು ಇನ್ನೂ ಸೂಕ್ಷ್ಮವಾದ ರೂಪದಲ್ಲಿ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳನ್ನು ಈಗ ಕಾಡುತ್ತಿದೆ.

ಹೆಸರಿನ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. ಕಕ್ಕಡವೆಂಬುದು ಕರ್ಕಾಟಕದ ತದ್ಭವ, ಕರ್ಕಾಟಕವೆಂದರೆ ಏಡಿ. ಗ್ರೀಕರ ಪ್ರಾಚೀನ ವೈದ್ಯರು ಮೈಯೊಳಗಿನ ಗಡ್ಡೆಯೊಂದು ಸುತ್ತಲೂ ಕಾಲು ಚಾಚಿಕೊಂಡಿರುವುದನ್ನು ಕಂಡು ಅದನ್ನು ‘ಕಾರ್ಕಿನೋಸ್’ ಎಂದರು, ಅದೂ ಏಡಿಯೇ. ಲ್ಯಾಟಿನ್ ಭಾಷೆಗೆ ಬಂದು ಅದು ಕ್ಯಾನ್ಸರ್ ಆಯಿತು. ಹೀಗೆ ಸಮುದ್ರವೇ ಇಲ್ಲದ ಬೆಟ್ಟದ ಸೀಮೆಯಲ್ಲಿ ವರ್ಷಕ್ಕೊಂದು ತಿಂಗಳು ಏಡಿಯ ಹೆಸರಿನಲ್ಲಿಯೇ ಕಳೆಯುತ್ತದೆ! ಸಂಸ್ಕೃತದ ಆಯುರ್ವೇದ ಗ್ರಂಥಗಳಲ್ಲಿರುವ ‘ಅರ್ಬುದ’ ಎಂಬ ಮಾತು ಕನ್ನಡ ಪುಸ್ತಕಗಳಿಗೆ ಬಂದರೂ ಜನರ ಬಾಯಿಗೆ ಬರಲಿಲ್ಲ. ಜನರು ಆ ರೋಗದ ಹೆಸರನ್ನು ಯಾವ ಭಾಷೆಯಲ್ಲಿಯೂ ಗಟ್ಟಿಯಾಗಿ ಹೇಳಲು ಇಚ್ಛಿಸುವುದಿಲ್ಲ ಎಂಬುದೇ ನಿಜವಾದ ಕಾರಣವಿರಬೇಕು.

ಪೊನ್ನಂಪೇಟೆಯ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸದಲ್ಲಿರುವ ಒಬ್ಬನನ್ನು ಕಲ್ಪಿಸಿಕೊಳ್ಳಬಹುದು. ಐವತ್ತರ ಆಸುಪಾಸಿನ ವಯಸ್ಸು. ಬೆಳಗ್ಗೆ ಆಳುಗಳ ಹಾಜರಿ ಹಿಡಿಯುವ ಹೊತ್ತಿಗೆ ಬಾಯಿಗೆ ಹಾಕಿದ ಎಲೆ, ಅಡಿಕೆ, ಹೊಗೆಸೊಪ್ಪು ಸಂಜೆ ಚೀಟಿ ಬರೆಯುವವರೆಗೂ ಒಂದಲ್ಲ ಒಂದು ರೂಪದಲ್ಲಿ ಬಾಯಲ್ಲೇ ಇರುತ್ತದೆ. ಮೂವತ್ತು ವರ್ಷದ ರೂಢಿ. ಕೆಲವು ತಿಂಗಳಿಂದ ಎಡಗೆನ್ನೆಯ ಒಳಗೆ ಒಂದು ಬಿಳಿಯ ಮಚ್ಚೆ ನಾಲಗೆಗೆ ಒರಟಾಗಿ ತಗುಲುತ್ತಿದೆ. ಅವನು ಯಾರಿಗೂ ಹೇಳಿಲ್ಲ. ಮಡಿಕೇರಿಗೆ ಹೋದರೆ ಮೈಸೂರಿಗೆ ಹೋಗೆನ್ನುತ್ತಾರೆ, ಮೈಸೂರಿಗೆ ಹೋದರೆ ಬೆಂಗಳೂರಿಗೆ. ಮಡಿಕೇರಿಯಿಂದ ಬೆಂಗಳೂರೆಂದರೆ ಸುಮಾರು ೨೬೦ ಕಿಲೋಮೀಟರು. ಹಣ್ಣಿನ ಕೊಯ್ಲು ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ ಎಂದು ಮುಂದೂಡುತ್ತಾನೆ. ಕೊಡಗಿನಲ್ಲಿ ಮಳೆ ನಿಲ್ಲುವುದನ್ನು ಕಾಯುವವನು ಬಹಳ ಕಾಯಬೇಕಾಗುತ್ತದೆ.

ಇವನು ಕಲ್ಪನೆಯ ಮನುಷ್ಯ. ಆದರೆ ಇವನಂಥವರ ಸಂಖ್ಯೆ ಕಲ್ಪನೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಶಾಖೆಯ ಅಂದಾಜಿನಂತೆ ೨೦೨೨ರ ಒಂದೇ ವರ್ಷದಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರಿಗೆ ತುತ್ತಾದವರು ೧೪ ಲಕ್ಷಕ್ಕೂ ಮಿಕ್ಕವರು. ಅದರಿಂದ ಸತ್ತವರು ೯ ಲಕ್ಷಕ್ಕೂ ಹೆಚ್ಚು. ಬಾಯಿಯ ಕ್ಯಾನ್ಸರೊಂದೇ ೧ ಲಕ್ಷ ೪೦ ಸಾವಿರವನ್ನು ದಾಟಿತು. ಬಾಯಿ ಎಂಬುದು ಹೊಟ್ಟೆಯಂತೆ, ಎದೆಗೂಡಿನಂತೆ ಮರೆಯಲ್ಲಿರುವ ಅಂಗವಲ್ಲ. ಕನ್ನಡಿಯ ಮುಂದೆ ತೆರೆದರೆ ಕಾಣುವಂಥದು. ಅಲ್ಲಿನ ರೋಗವೂ ಕೈಮೀರಿದ ಮೇಲೆಯೇ ವೈದ್ಯನ ಕಣ್ಣಿಗೆ ಬೀಳುವುದೆಂದರೆ, ಒಳಗಿನ ಅಂಗಗಳ ಪಾಡನ್ನು ಹೇಳಬೇಕಾದುದಿಲ್ಲ.

ಆದುದರಿಂದಲೇ, ಒಂದು ಹನಿ ರಕ್ತದಲ್ಲಿ ರೋಗದ ಸುಳಿವು ಸಿಕ್ಕೀತೆಂಬ ಮಾತು ಕೇಳಿದಾಗ ಜನರ ಕಿವಿ ನೆಟ್ಟಗಾಗುತ್ತದೆ. ಆ ಮಾತಿನ ಹಿಂದೆ ಇರುವುದು ಬಹಳ ಸಣ್ಣದೊಂದು ವಸ್ತು. ಕನ್ನಡದಲ್ಲಿ ಅದಕ್ಕಿನ್ನೂ ನೆಲೆನಿಂತ ಹೆಸರಿಲ್ಲ. ಸೂಕ್ಷ್ಮ ಆರ್‌ಎನ್‌ಎ ಎನ್ನಬಹುದು.

ಕತೆ ಆರಂಭವಾಗುವುದು ಒಂದು ಹುಳುವಿನಿಂದ. ಮಣ್ಣಿನಲ್ಲಿ ಬದುಕುವ, ಉದ್ದದಲ್ಲಿ ಒಂದು ಮಿಲಿಮೀಟರಿನಷ್ಟಿರುವ, ಮೈಯೆಲ್ಲ ಗಾಜಿನಂತೆ ಪಾರದರ್ಶಕವಾದ ಹುಳು ಅದು. ಅಮೆರಿಕದಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಎಂಬಿಬ್ಬರು ವಿಜ್ಞಾನಿಗಳು ಈ ಹುಳು ಮರಿಯಿಂದ ಪ್ರೌಢಾವಸ್ಥೆಗೆ ಬರುವಾಗ ಯಾವ ಕೆಲಸ ಯಾವಾಗ ಆಗಬೇಕೆಂಬುದನ್ನು ನಿರ್ಧರಿಸುವವರಾರು ಎಂದು ಹುಡುಕುತ್ತಿದ್ದರು. ಹುಳುವಿನ ಒಂದು ಜೀನು ಪ್ರೋಟೀನನ್ನೇ ತಯಾರಿಸದೆ, ಕೇವಲ ೨೨ ಅಕ್ಷರಗಳ ಒಂದು ಆರ್‌ಎನ್‌ಎ ತುಣುಕನ್ನು ಮಾತ್ರ ಹೊರಡಿಸುತ್ತಿರುವುದು ಆಂಬ್ರೋಸ್ ಅವರ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ೧೯೯೩ರ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು. ಆ ಲೇಖನದಲ್ಲಿ ಮೊದಲ ಹೆಸರು ಆಂಬ್ರೋಸರದಲ್ಲ, ಅವರ ಪತ್ನಿ ರೊಸಲಿಂಡ್ ಲೀ ಅವರದು. ಎರಡನೆಯದು ರೊಂಡಾ ಫೈನ್‌ಬಾಮ್ ಅವರದು. ೨೦೨೪ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅದು ಆಂಬ್ರೋಸ್ ಮತ್ತು ರವ್ಕನ್ ಇಬ್ಬರ ಪಾಲಾಯಿತು. ಪಾರಿತೋಷಕಗಳ ಲೆಕ್ಕಾಚಾರವೇ ಬೇರೆ!

ಏಳು ವರ್ಷಗಳ ಕಾಲ ಇದನ್ನು ಹುಳುವೊಂದರ ವೈಚಿತ್ರ್ಯವೆಂದೇ ಪಂಡಿತರು ಬದಿಗಿಟ್ಟಿದ್ದರು. ೨೦೦೦ದಲ್ಲಿ ರವ್ಕನ್ ಅವರು ಲೆಟ್-೭ ಎಂಬ ಇನ್ನೊಂದು ತುಣುಕನ್ನು ಕಂಡುಹಿಡಿದರು. ಅದು ಹುಳುವಿನಲ್ಲಿ ಮಾತ್ರವಲ್ಲ, ನೊಣದಲ್ಲಿ, ಮೀನಿನಲ್ಲಿ, ಮನುಷ್ಯನಲ್ಲಿ, ಎಲ್ಲೆಲ್ಲಿಯೂ ಅಕ್ಷರ ತಪ್ಪದೆ ಇದ್ದಿತು. ಆಮೇಲೆ ಹುಡುಕಾಟ ಬಿರುಸಾಯಿತು. ಈಗ ಮನುಷ್ಯನ ಸೂಕ್ಷ್ಮ ಆರ್‌ಎನ್‌ಎಗಳೆಂದು ಪಟ್ಟಿಯಾಗಿರುವುವು ಎರಡು ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ನಿಸ್ಸಂದೇಹವಾದುವು ಐದಾರು ನೂರು ಮಾತ್ರವೆಂದು ಕಟ್ಟುನಿಟ್ಟಿನವರು ವಾದಿಸುತ್ತಾರೆ.

ಇವು ಮಾಡುವ ಕೆಲಸವೇನು? ಜೀವಕೋಶದ ನಡುವಿನ ಕಣಜದಲ್ಲಿರುವ ಡಿಎನ್‌ಎ ಎಂಬ ಮೂಲಗ್ರಂಥದಿಂದ ಬೇಕಾದ ಪುಟವನ್ನು ನಕಲು ಮಾಡಿ ಹೊರಗೆ ಕಳುಹಿಸುವ ಓಲೆಗೆ ದೂತ ಆರ್‌ಎನ್‌ಎ ಎಂದು ಹೆಸರು. ಆ ಓಲೆಯನ್ನು ಓದಿ ಪ್ರೋಟೀನು ತಯಾರಾಗುತ್ತದೆ. ಸೂಕ್ಷ್ಮ ಆರ್‌ಎನ್‌ಎ ಅಂಥ ದೊಡ್ಡ ಓಲೆಯ ಕೊನೆಯಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಅಂಟಿತೆಂದರೆ ಆ ಓಲೆಯ ಮೇರೆಗೆ ಕೆಲಸ ನಿಧಾನವಾಗುತ್ತದೆ, ಇಲ್ಲವೆ ಓಲೆಯೇ ಹರಿದುಹೋಗುತ್ತದೆ. ತೋಟದ ಭಾಷೆಯಲ್ಲಿ ಹೇಳಬೇಕಾದರೆ ದೊರೆಯ ಹುಕುಮನ್ನು ಹಿಡಿದು ಹೊರಟ ಆಳನ್ನು ಗೇಟಿನಲ್ಲಿ ತಡೆದು ‘ಇವತ್ತು ಬೇಡ’ ಎನ್ನುವ ರೈಟರ ಚೀಟಿಯಂಥದು.

ಅಷ್ಟು ದೊಡ್ಡ ಓಲೆಯಲ್ಲಿ ಅಂಟುವ ಜಾಗವನ್ನು ಇಷ್ಟು ಚಿಕ್ಕ ತುಣುಕು ಗುರುತಿಸುವುದು ಹೇಗೆ ಎಂಬುದು ಕನ್ನಡ ಓದುಗರಿಗೆ ವಿಶೇಷವಾಗಿ ರುಚಿಸಬೇಕು. ಹಳಗನ್ನಡ ಕಾವ್ಯವನ್ನು ಓದಿದವರೆಲ್ಲರಿಗೂ ದ್ವಿತೀಯಾಕ್ಷರ ಪ್ರಾಸದ ನಿಯಮ ಗೊತ್ತು: ಪಾದ ಪಾದಕ್ಕೂ ಎರಡನೆಯ ಅಕ್ಷರ ಹೊಂದಿಕೊಂಡು ಬರಬೇಕು, ಮೊದಲನೆಯದು ಹೇಗಿದ್ದರೂ ನಡೆಯುತ್ತದೆ. ಸೂಕ್ಷ್ಮ ಆರ್‌ಎನ್‌ಎ ತನ್ನ ಓಲೆಯೊಡನೆ ಹೊಂದಿಕೆ ನೋಡುವಾಗಲೂ ಎಣಿಕೆ ಎರಡನೆಯ ಅಕ್ಷರದಿಂದಲೇ ಹೊರಡುತ್ತದೆ! ಎರಡರಿಂದ ಏಳೆಂಟನೆಯದರವರೆಗಿನ ಅಕ್ಷರಗಳು ಎದುರಿನ ಅಕ್ಷರಗಳೊಡನೆ ಜೋಡಿಯಾದರೆ ಸಾಮಾನ್ಯವಾಗಿ ಸಾಕು. ಉಳಿದುವು ಅಷ್ಟಿಷ್ಟು ತಪ್ಪಿದರೂ ಆಕ್ಷೇಪಣೆಯಿಲ್ಲ. ಹೀಗೆ ನಿಯಮದಲ್ಲಿ ಸಡಿಲಿರುವುದರಿಂದಲೇ ಒಂದೊಂದು ತುಣುಕು ನೂರಾರು ಓಲೆಗಳ ಮೇಲೆ ಅಧಿಕಾರ ನಡೆಸಬಲ್ಲದು. ಪ್ರಾಸದ ತೊಡಕನ್ನು ಬಿಟ್ಟು ಹೊಸಗನ್ನಡದ ಕವಿಗಳು ಸುಖವಾಗಿದ್ದಾರೆ. ಜೀವಕೋಶಗಳಿಗೆ ಮಾತ್ರ ಅದರಿಂದ ಬಿಡುಗಡೆಯಿಲ್ಲ.

ಕ್ಯಾನ್ಸರಿಗೂ ಇವಕ್ಕೂ ಇರುವ ನಂಟು ಹೊರಬಿದ್ದುದು ೨೦೦೨ರಲ್ಲಿ. ಜಾರ್ಜ್ ಕಾಲಿನ್ ಮತ್ತು ಕಾರ್ಲೊ ಕ್ರೋಚೆ ಎಂಬ ವಿಜ್ಞಾನಿಗಳು ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಹದಿಮೂರನೆಯ ವರ್ಣತಂತುವಿನ ಒಂದು ತುಂಡು ಮತ್ತೆ ಮತ್ತೆ ಕಳೆದುಹೋಗಿರುವುದನ್ನು ಪರೀಕ್ಷಿಸುತ್ತಿದ್ದರು. ಕಳೆದ ತುಂಡಿನಲ್ಲಿ ಯಾವ ಮುಖ್ಯ ಪ್ರೋಟೀನಿನ ಜೀನು ಇತ್ತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದುವು ಮಿರ್-೧೫ ಮತ್ತು ಮಿರ್-೧೬ ಎಂಬ ಎರಡು ಸೂಕ್ಷ್ಮ ಆರ್‌ಎನ್‌ಎಗಳು. ಗೇಟಿನಲ್ಲಿ ತಡೆಯುವವನೇ ಇಲ್ಲವಾದಾಗ ಕೋಶ ಬೆಳೆಯುತ್ತಲೇ ಹೋಗುತ್ತದೆ. ೨೦೦೫ರಲ್ಲಿ ಅಮೆರಿಕದ ಇನ್ನೊಂದು ತಂಡ ಒಂದು ಪಂಥವನ್ನೇ ನಡೆಸಿತೆನ್ನಬಹುದು. ಎಲ್ಲಿಂದ ಹುಟ್ಟಿತೆಂದು ಸೂಕ್ಷ್ಮದರ್ಶಕದಲ್ಲಿ ತಿಳಿಯಲಾರದಷ್ಟು ರೂಪಗೆಟ್ಟ ೧೭ ಗಡ್ಡೆಗಳನ್ನು ತೆಗೆದುಕೊಂಡು, ಸೂಕ್ಷ್ಮ ಆರ್‌ಎನ್‌ಎಗಳ ಏರಿಳಿತದಿಂದ ಅವುಗಳ ತವರು ಗೊತ್ತಾಗುವುದೇ ಎಂದು ನೋಡಿದರು. ೧೭ರಲ್ಲಿ ೧೨ಕ್ಕೆ ಸರಿಯಾದ ಉತ್ತರ ಬಂದಿತು. ದೊಡ್ಡ ಓಲೆಗಳನ್ನು, ಅಂದರೆ ದೂತ ಆರ್‌ಎನ್‌ಎಗಳನ್ನು, ಸಾವಿರಗಟ್ಟಲೆ ಓದಿ ಹೇಳಿದ ಉತ್ತರಗಳಲ್ಲಿ ಸರಿಯಾದುದು ಒಂದೇ.

ಇದೆಲ್ಲ ಗಡ್ಡೆಯನ್ನು ಕೊಯ್ದು ತೆಗೆದ ಮೇಲಿನ ಮಾತು. ಗಡ್ಡೆ ಕೈಗೆ ಸಿಗುವ ಮೊದಲೇ ಸುಳಿವು ಬೇಕಲ್ಲ? ೨೦೦೮ರಲ್ಲಿ ಸಿಯಾಟಲ್ ನಗರದ ಮುನೀಶ್ ತೆವಾರಿ ಮತ್ತು ಅವರ ಸಂಗಡಿಗರು ರಕ್ತದ ತಿಳಿಯಲ್ಲಿಯೇ ಸೂಕ್ಷ್ಮ ಆರ್‌ಎನ್‌ಎಗಳು ತೇಲುತ್ತಿರುವುದನ್ನು ತೋರಿಸಿದರು. ಇದು ಆಶ್ಚರ್ಯದ ಸಂಗತಿ. ರಕ್ತದಲ್ಲಿ ಆರ್‌ಎನ್‌ಎಯನ್ನು ಕತ್ತರಿಸಿ ತಿನ್ನುವ ಕಿಣ್ವಗಳು ತುಂಬಿವೆ. ಬರಿಯ ಆರ್‌ಎನ್‌ಎಯನ್ನು ಅಲ್ಲಿ ಬಿಟ್ಟರೆ ಮಳೆಯಲ್ಲಿ ಬಿಟ್ಟ ಬೆಲ್ಲದಂತೆ ಕರಗಬೇಕು. ಇವು ಕರಗಲಿಲ್ಲ. ಬೇರ್ಪಡಿಸಿದ ತಿಳಿಯನ್ನು ೨೪ ತಾಸು ಹೊರಗಿನ ಉಷ್ಣತೆಯಲ್ಲಿಟ್ಟರೂ, ಎಂಟು ಸಲ ಹೆಪ್ಪುಗಟ್ಟಿಸಿ ಕರಗಿಸಿದರೂ ಅವುಗಳ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅವಕ್ಕೆ ಕೊಡೆ ಹಿಡಿಯುವವರಿದ್ದಾರೆಂದು ಆಮೇಲೆ ತಿಳಿಯಿತು. ಬಹುಪಾಲು ತುಣುಕುಗಳನ್ನು ಆರ್ಗೊನಾಟ್ ಎಂಬ ಪ್ರೋಟೀನು ತಬ್ಬಿಕೊಂಡಿರುತ್ತದೆ. ಕೆಲವು ಜೀವಕೋಶಗಳು ಹೊರಚೆಲ್ಲುವ ಅತಿ ಸಣ್ಣ ಕೊಬ್ಬಿನ ಚೀಲಗಳಲ್ಲಿ ಕುಳಿತು ಪ್ರಯಾಣ ಮಾಡುತ್ತವೆ. (ಆರ್ಗೊನಾಟ್ ಎಂಬುದೂ ಒಂದು ಜಾತಿಯ ಅಷ್ಟಪದಿಯ ಹೆಸರು. ಏಡಿಯ ಹಿಂದೆಯೇ ಇನ್ನೊಂದು ಸಮುದ್ರಜೀವಿ!)

ಅದೇ ಪ್ರಯೋಗದಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಮೈಗೆಲ್ಲ ಹರಡಿದ್ದ ೨೫ ಮಂದಿಯನ್ನೂ ಆರೋಗ್ಯವಂತರಾದ ೨೫ ಮಂದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಿರ್-೧೪೧ ಎಂಬ ತುಣುಕು ೧೫ ಮಂದಿ ರೋಗಿಗಳನ್ನು ಹಿಡಿದುಕೊಟ್ಟಿತು. ಆರೋಗ್ಯವಂತರಲ್ಲಿ ಒಬ್ಬನ ಮೇಲೂ ಸುಳ್ಳು ಆರೋಪ ಹೊರಿಸಲಿಲ್ಲ. ಮರುವರ್ಷ, ೨೦೦೯ರಲ್ಲಿ, ಕ್ಯಾಲಿಫೋರ್ನಿಯದ ವಿಜ್ಞಾನಿಗಳು ರಕ್ತವನ್ನೂ ಬಿಟ್ಟು ಎಂಜಲಿಗೆ ಕೈಹಾಕಿದರು. ಬಾಯಿಯ ಕ್ಯಾನ್ಸರಿನವರ ಎಂಜಲಿನಲ್ಲಿ ಎರಡು ಸೂಕ್ಷ್ಮ ಆರ್‌ಎನ್‌ಎಗಳು ಆರೋಗ್ಯವಂತರಿಗಿಂತ ಕಡಿಮೆಯಿದ್ದುವೆಂದು ಕಂಡುಬಂದಿತು. ಎಂಜಲಿಗೆ ಸೂಜಿ ಬೇಡ, ದಾದಿ ಬೇಡ. ಒಂದು ಬಾಟಲಿಯಲ್ಲಿ ಉಗಿದರಾಯಿತು. ಪೊನ್ನಂಪೇಟೆಯ ರೈಟರನಿಗೆ ಅಭ್ಯಾಸವಿರುವ ಕೆಲಸವೇ!

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಯನ್ನು ಹಿಡಿದು ಕುಳಿತವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ ಅವರ ತಂಡ ೨೦೧೧ರಲ್ಲಿ, ಮಿದುಳಿನ ಅತಿ ಕ್ರೂರವಾದ ಗ್ಲಯೊಬ್ಲಾಸ್ಟೋಮ ಎಂಬ ಗಡ್ಡೆಯ ೨೨೨ ರೋಗಿಗಳ ವಿವರಗಳನ್ನು ಜಾಲಾಡಿ, ಹತ್ತು ಸೂಕ್ಷ್ಮ ಆರ್‌ಎನ್‌ಎಗಳ ಏರಿಳಿತದಿಂದ ರೋಗಿ ಎಷ್ಟು ಕಾಲ ಬದುಕಿಯಾನೆಂದು ಅಂದಾಜು ಮಾಡಬಹುದೆಂದು ತೋರಿಸಿತು. ಇದು ರೋಗವನ್ನು ಹುಡುಕುವ ಪರೀಕ್ಷೆಯಲ್ಲ, ಹುಡುಕಿದ ರೋಗದ ಮುಂದಿನ ಗತಿಯನ್ನು ಹೇಳುವ ಜಾತಕ. ಎರಡನ್ನೂ ಕಲಸಿಬಿಡುವುದು ಪತ್ರಿಕೆಗಳ ವಾಡಿಕೆಯಾಗಿದೆ. ಅದೇ ಸಂಸ್ಥೆಯ ಅರುಣ್ ಕುಮಾರ್ ಅವರ ಪ್ರಯೋಗಶಾಲೆ ಬಾಯಿಯ ಕ್ಯಾನ್ಸರಿನಲ್ಲಿ ಸೂಕ್ಷ್ಮ ಆರ್‌ಎನ್‌ಎಗಳ ಕೈವಾಡವನ್ನು ಶೋಧಿಸಿದೆ. ಘಟ್ಟದ ಕೆಳಗೆ ಮಣಿಪಾಲದಲ್ಲಿ ಕೆ. ಸತ್ಯಮೂರ್ತಿ ಮತ್ತು ಅವರ ಸಹೋದ್ಯೋಗಿಗಳು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಈ ತುಣುಕುಗಳ ಬಾಯಿಗೆ ಬೀಗ ಬೀಳುವುದು ಹೇಗೆಂಬುದನ್ನು ೨೦೧೮ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ೧೯೭೩ರಲ್ಲಿ ಆರಂಭವಾದುದು. ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರು ಬಂದಿತೆಂಬ ಲೆಕ್ಕವನ್ನು ೧೯೮೨ರಿಂದ ಬರೆದಿಡುತ್ತ ಬಂದಿದೆ. ಇಂಥ ನೀರಸವಾದ ದಫ್ತರಗಳಿಲ್ಲದೆ ಯಾವ ಹೊಸ ಪರೀಕ್ಷೆಯ ಬೆಲೆಯನ್ನೂ ಕಟ್ಟಲಾಗದು.

ಹಾಗಾದರೆ ತಡವೇಕೆ? ೨೦೦೮ರಿಂದ ಇಷ್ಟು ವರ್ಷಗಳಾದರೂ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ಕ್ಯಾನ್ಸರನ್ನು ಹುಡುಕಲು ಊರೂರಿನ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಬಳಕೆಗೆ ಬಂದಿಲ್ಲವಲ್ಲ?

ಉತ್ತರ ಮತ್ತೆ ಕೆಂಪು ಬಣ್ಣದಲ್ಲಿಯೇ ಇದೆ. ರಕ್ತದ ಕೆಂಪು ಕಣಗಳೊಳಗೆ ಮಿರ್-೪೫೧, ಮಿರ್-೧೬ ಮೊದಲಾದ ತುಣುಕುಗಳು ಹೇರಳವಾಗಿವೆ. ಸೂಜಿ ಚುಚ್ಚುವ ಕೈ ಒರಟಾದರೆ, ನಳಿಗೆಯನ್ನು ಜೋರಾಗಿ ಕುಲುಕಿದರೆ, ರಕ್ತವನ್ನು ಬೇಗನೆ ಯಂತ್ರದಲ್ಲಿ ತಿರುಗಿಸಿ ತಿಳಿಯನ್ನು ಬೇರ್ಪಡಿಸದಿದ್ದರೆ, ಆ ಕಣಗಳು ಒಡೆದು ಒಳಗಿದ್ದುದೆಲ್ಲ ತಿಳಿಗೆ ಬೆರೆಯುತ್ತದೆ. ಆಗ ಪರೀಕ್ಷೆಯ ಕಾಗದದಲ್ಲಿ ಏರಿಕೆ ಕಾಣುತ್ತದೆ. ಏರಿಸಿದವನು ರೋಗವಲ್ಲ, ಕಂಪೌಂಡರು! ಕ್ಯಾನ್ಸರಿನ ಸೂಚಕಗಳೆಂದು ಹೆಸರು ಮಾಡಿದ್ದ ತುಣುಕುಗಳನ್ನು ೨೦೧೨ರಲ್ಲಿ ತೆವಾರಿಯವರೇ ಸೇರಿದ ಒಂದು ತಂಡ ಸೋಸಿ ನೋಡಿದಾಗ, ಅವುಗಳಲ್ಲಿ ಅರ್ಧಕ್ಕೂ ಮಿಕ್ಕಿ ರಕ್ತಕಣಗಳಲ್ಲಿಯೇ ತುಂಬಿರುವಂಥವೆಂದು ತಿಳಿದುಬಂದಿತು. ತಮ್ಮ ಹೊಲದ ಕಳೆಯನ್ನು ತಾವೇ ಎಣಿಸಿ ಊರಿಗೆ ಸಾರುವವರು ವಿರಳ. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಇನ್ನೂ ವಿಚಿತ್ರವೆಂದರೆ, ಪ್ರಮಾಣ ಎಂದಿಗೂ ಬದಲಾಗದೆಂದು ನಂಬಿ ಮಿರ್-೧೬ನ್ನೇ ಅನೇಕರು ಅಳತೆಗೋಲಾಗಿ ಬಳಸುತ್ತಿದ್ದರು. ಅಳೆಯುವ ಕೋಲೇ ಬೆಳೆಯುತ್ತಿದ್ದರೆ ಬಟ್ಟೆಯ ಉದ್ದ ಎಷ್ಟೆಂದು ತಿಳಿದೀತು?

ಮಿರ್-೨೧ರ ಪಾಡು ಬೇರೆ ಬಗೆಯದು. ಹಲವಾರು ಬಗೆಯ ಕ್ಯಾನ್ಸರುಗಳಲ್ಲಿ ಅದು ಏರುತ್ತದೆ, ನಿಜ. ಆದರೆ ಹೃದಯದ ಕಾಯಿಲೆಯಲ್ಲಿಯೂ, ಬಾವು ಉರಿಯೂತಗಳಲ್ಲಿಯೂ ಏರುತ್ತದೆ. ಊರಿನಲ್ಲಿ ಏನು ನಡೆದರೂ ಬೊಗಳುವ ನಾಯಿ ಕಳ್ಳ ಬಂದಾಗಲೂ ಬೊಗಳುತ್ತದೆ. ಅಷ್ಟರಿಂದ ಅದನ್ನು ಕಾವಲಿಗೆ ನೆಚ್ಚುವಂತಿಲ್ಲ.

ಕೊಡಗಿನ ಮಟ್ಟಿಗೆ ಇದನ್ನು ಯೋಚಿಸಬೇಕಾದವರು ರಸ್ತೆಯನ್ನೂ ಸೇರಿಸಿ ಯೋಚಿಸಬೇಕು. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯಲ್ಲಿ ವಾರಗಟ್ಟಲೆ ವಾಹನ ಸಂಚಾರ ನಿಂತಿದ್ದುದನ್ನು ಯಾರೂ ಮರೆತಿಲ್ಲ. ಬೇರ್ಪಡಿಸಿದ ತಿಳಿಯಾದರೆ ಒಂದು ಹಗಲು ಒಂದು ರಾತ್ರಿ ತಡೆದೀತು. ಬೇರ್ಪಡಿಸದ ರಕ್ತವನ್ನು ಜೀಪಿನಲ್ಲಿ ಘಟ್ಟದ ತಿರುವುಗಳಲ್ಲಿ ಕುಲುಕಿಸಿಕೊಂಡು ಹೋದರೆ ಬೆಂಗಳೂರು ಮುಟ್ಟುವ ಹೊತ್ತಿಗೆ ಅದು ಹೇಳುವುದು ರಸ್ತೆಯ ಕತೆಯನ್ನೇ ಹೊರತು ಮೈಯ ಕತೆಯನ್ನಲ್ಲ. ಆದುದರಿಂದ ದೂರದ ಪ್ರಯೋಗಶಾಲೆಯ ಬೆಲೆಬಾಳುವ ಯಂತ್ರಕ್ಕಿಂತ ಮೊದಲು ಬೇಕಾದುದು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತವನ್ನು ತಿರುಗಿಸುವ ಸಾಧಾರಣ ಯಂತ್ರ, ಮತ್ತು ಅದನ್ನು ಹೊತ್ತಿಗೆ ಸರಿಯಾಗಿ ನಡೆಸುವ ಒಬ್ಬ ಮನುಷ್ಯ. ಅಳೆಯುವ ವಿಧಾನವಂತೂ ಜನರಿಗೆ ಹೊಸದಲ್ಲ: ೨೦೨೦ರ ಸಾಂಕ್ರಾಮಿಕದಲ್ಲಿ ಮೂಗಿಗೆ ಕಡ್ಡಿ ತೂರಿಸಿ ಆರ್.ಟಿ.ಪಿ.ಸಿ.ಆರ್. ಎಂಬುದನ್ನು ಮಾಡಿಸದವರಾರು? ಇದೂ ಅದೇ ಬಗೆಯದು.

ಇನ್ನೊಂದು ತೊಡಕು ಗಣಿತದ್ದು. ಗಣಿತವೆಂದು ಓದುಗರು ಪುಟ ಮಗುಚಬಾರದು. ನೂರರಲ್ಲಿ ತೊಂಬತ್ತು ರೋಗಿಗಳನ್ನು ಹಿಡಿಯುವ, ನೂರರಲ್ಲಿ ತೊಂಬತ್ತು ಆರೋಗ್ಯವಂತರನ್ನು ಸರಿಯಾಗಿ ಬಿಟ್ಟುಕೊಡುವ ಒಂದು ಪರೀಕ್ಷೆ ಇದೆಯೆಂದಿಟ್ಟುಕೊಂಡರೆ, ಕೇಳುವುದಕ್ಕೆ ಅದು ಬಹಳ ಒಳ್ಳೆಯ ಪರೀಕ್ಷೆ. ೧೦,೦೦೦ ಜನರಿರುವ ಒಂದು ಹೋಬಳಿಯಲ್ಲಿ ೨೦ ಮಂದಿಗೆ ರೋಗವಿದೆಯೆನ್ನಿ. ಪರೀಕ್ಷೆ ಅವರಲ್ಲಿ ೧೮ ಮಂದಿಯನ್ನು ಹಿಡಿಯುತ್ತದೆ, ಇಬ್ಬರನ್ನು ಬಿಡುತ್ತದೆ. ಉಳಿದ ೯,೯೮೦ ಆರೋಗ್ಯವಂತರಲ್ಲಿ ಹತ್ತನೆಯ ಒಂದು ಪಾಲು, ಅಂದರೆ ೯೯೮ ಮಂದಿಗೆ ‘ನಿನಗೆ ರೋಗವಿದ್ದೀತು’ ಎಂದು ಹೇಳಿ ಕಳುಹಿಸುತ್ತದೆ. ಒಟ್ಟು ೧,೦೧೬ ಮನೆಗಳಲ್ಲಿ ಆ ರಾತ್ರಿ ಒಲೆ ಹೊತ್ತುವುದಿಲ್ಲ. ಅವುಗಳಲ್ಲಿ ನಿಜವಾದ ಕಾರಣವಿರುವುದು ೧೮ ಮನೆಗಳಿಗೆ. ಉಳಿದವರದೆಲ್ಲ ಕಕ್ಕಡದ ಪಾಯಸ ಉಂಡ ಮೇಷ್ಟ್ರ ಭಯವೇ. ವ್ಯತ್ಯಾಸವೆಂದರೆ, ನಕ್ಕು ಸಮಾಧಾನ ಹೇಳುವ ಅಜ್ಜಿ ಇಲ್ಲಿರುವುದಿಲ್ಲ. ಬೆಂಗಳೂರಿಗೆ ಹೋಗಿ, ಸ್ಕ್ಯಾನು ಮಾಡಿಸಿ, ಹಸುವನ್ನೋ ಒಡವೆಯನ್ನೋ ಮಾರಿ, ಏನೂ ಇಲ್ಲವೆಂದು ತಿಳಿದು ಬರಬೇಕು.

ಹಾಗೆಂದು ಈ ಶಾಸ್ತ್ರವೆಲ್ಲ ಹುಸಿಯೆಂದು ತಿಳಿಯುವುದು ಅನ್ಯಾಯ. ವೃಷಣದ ಒಂದು ಜಾತಿಯ ಗಡ್ಡೆಗಳಲ್ಲಿ ಮಿರ್-೩೭೧ ಎಂಬ ತುಣುಕು ನಿಜವಾಗಿಯೂ ಮಾತು ಉಳಿಸಿಕೊಂಡಿದೆ. ೨೦೧೯ರಲ್ಲಿ ಜರ್ಮನಿಯ ವೈದ್ಯರು ಮುಂದಾಗಿ ನಡೆಸಿದ ಶೋಧನೆಯಲ್ಲಿ ೬೧೬ ಮಂದಿ ರೋಗಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅದು ಗುರುತಿಸಿತು. ೨೫೮ ಮಂದಿ ರೋಗವಿಲ್ಲದವರಲ್ಲಿ ನೂರಕ್ಕೆ ತೊಂಬತ್ತನಾಲ್ಕರಷ್ಟನ್ನು ಸರಿಯಾಗಿ ಬಿಟ್ಟಿತು. ಅದಕ್ಕೊಂದು ಕಾರಣವಿದೆ. ಈ ತುಣುಕು ಭ್ರೂಣಾವಸ್ಥೆಯದು. ಬೆಳೆದ ಗಂಡಸಿನ ರಕ್ತದಲ್ಲಿ ಅದಕ್ಕೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಇರಬಾರದವನು ಊರಿನಲ್ಲಿ ಕಂಡರೆ ಗುರುತಿಸುವುದು ಸುಲಭ. ದಿನವೂ ಇರುವವನು ಇಂದು ಸ್ವಲ್ಪ ದಪ್ಪಗಾಗಿದ್ದಾನೆಯೇ ಎಂದು ಹೇಳುವುದು ಕಷ್ಟ. ಬಾಯಿ, ಮೊಲೆ, ಶ್ವಾಸಕೋಶಗಳ ಕ್ಯಾನ್ಸರುಗಳಲ್ಲಿ ಸದ್ಯಕ್ಕೆ ಸಿಕ್ಕಿರುವುವು ಬಹುತೇಕ ಎರಡನೆಯ ಬಗೆಯ ಸುಳಿವುಗಳು. ಅದಕ್ಕೇ ವಿಜ್ಞಾನಿಗಳು ಒಂದೊಂದನ್ನೇ ನೆಚ್ಚದೆ ಐದನ್ನೋ ಹತ್ತನ್ನೋ ಕೂಡಿಸಿ ಓದುವ ದಾರಿ ಹಿಡಿದಿದ್ದಾರೆ. ಇತರ ಜಾತಿಯ ಸಣ್ಣ ಆರ್‌ಎನ್‌ಎಗಳನ್ನೂ, ಒಡೆದ ತುಂಡುಗಳನ್ನೂ ಕೂಡ ಈ ಓದಿಗೆ ಸೇರಿಸಿಕೊಳ್ಳುತ್ತಿದ್ದಾರೆ.

ಈ ನಡುವೆ ಪೊನ್ನಂಪೇಟೆಯ ರೈಟರ ಕೆನ್ನೆಯ ಮಚ್ಚೆ ಹಾಗೆಯೇ ಇದೆ. ಅವನ ಮಗಳು ಫೋನಿನಲ್ಲಿ ಜಾಹೀರಾತೊಂದನ್ನು ಕಂಡು, ರಕ್ತದ ಒಂದೇ ಪರೀಕ್ಷೆಯಿಂದ ಎಲ್ಲ ತಿಳಿಯುವುದಂತೆ, ಹತ್ತಾರು ಸಾವಿರವಾದರೂ ಚಿಂತೆಯಿಲ್ಲ ಎಂದು ಅಪ್ಪನಿಗೆ ಹೇಳುತ್ತಾಳೆನ್ನಿ. ಆ ಹಣ ಅವಳ ಒಂದು ವರ್ಷದ ಕಾಲೇಜಿನ ಶುಲ್ಕವಾದೀತು.

ಇಂಥವನಿಗೆ ಈಗ ಸಿಕ್ಕಬಹುದಾದುದೇನು ಎಂಬುದಕ್ಕೆ ನೆರೆಯ ಕೇರಳದಲ್ಲಿ ಒಂದು ಉತ್ತರವಿದೆ. ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಿಂದ ಸುಮಾರು ಎರಡು ಲಕ್ಷ ಜನರನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗ ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು, ವೈದ್ಯರೂ ಅಲ್ಲ, ಮನೆಮನೆಗೆ ಹೋಗಿ ಬಾಯಿ ತೆರೆಯಿಸಿ ದೀಪದ ಬೆಳಕಿನಲ್ಲಿ ನೋಡಿ, ಸಂಶಯ ಬಂದವರನ್ನು ಆಸ್ಪತ್ರೆಗೆ ಕಳುಹಿಸಿದರು. ಅಷ್ಟೇ. ೨೦೦೫ರಲ್ಲಿ ಫಲಿತಾಂಶ ಪ್ರಕಟವಾದಾಗ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಮೂರನೆಯ ಒಂದು ಪಾಲಿನಷ್ಟು ತಗ್ಗಿರುವುದು ಕಂಡುಬಂದಿತು. ಅಲ್ಲಿ ಬಳಸಿದ ಯಂತ್ರ, ಒಂದು ಟಾರ್ಚು.

ಮಡಿಕೇರಿಯಲ್ಲಿ ೨೦೧೬ರಿಂದ ಒಂದು ಸರಕಾರಿ ವೈದ್ಯಕೀಯ ಕಾಲೇಜಿದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಕೊರಳಲ್ಲಿ ಗಂಟು: ಇವುಗಳಲ್ಲಿ ಯಾವುದಿದ್ದರೂ ಅದನ್ನು ತೋರಿಸಲು ಸೂಕ್ಷ್ಮ ಆರ್‌ಎನ್‌ಎಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ವೈದ್ಯರು ಮಚ್ಚೆಯಿಂದ ಅಕ್ಕಿಕಾಳಿನಷ್ಟು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಮುಂದೆಂದಾದರೂ ರಕ್ತವೋ ಎಂಜಲೋ ಮಾತನಾಡಲು ಕಲಿತರೂ ಆ ಮಾತು ಸಂಶಯವನ್ನು ಹುಟ್ಟಿಸುವವರೆಗೆ ಮಾತ್ರ. ತೀರ್ಪು ಬರೆಯುವ ಕೆಲಸ ಆ ಅಕ್ಕಿಕಾಳಿನದೇ. ಬಿಳಿಯ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರಾಗುವುದಿಲ್ಲ ಎಂಬುದನ್ನೂ ರೈಟರನಿಗೆ ಅಲ್ಲಿಯೇ ಯಾರಾದರೂ ಹೇಳಿಯಾರು. ಹೊಗೆಸೊಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋಗೆಂದೂ ಹೇಳಿಯಾರು. ಪೊನ್ನಂಪೇಟೆಯಿಂದ ಮಡಿಕೇರಿಗೆ ಬೆಳಗಿನ ಬಸ್ಸಿನಲ್ಲಿ ಹ�ೊರಟರೆ ಮಧ್ಯಾಹ್ನದೊಳಗೆ ಸರದಿ ಬರುತ್ತದೆ. ಮಳೆಯಿದ್ದರೆ ಕೊಡೆ ಹಿಡಿದುಕೊಳ್ಳಬೇಕು.